ಫ್ರೀಡಂ ಪಾರ್ಕ್ ಜೈಲಾಗಿದ್ದಾಗ: ಸ್ನೇಹಲತಾ ರೆಡ್ಡಿ

ಬನಶಂಕರಿಯಲ್ಲೋ ಜಯನಗರದಲ್ಲೋ ಗ್ರೀನ್ ಲೈನ್ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಫ್ರೀಡಂ ಪಾರ್ಕ್ ಸಿಗುತ್ತೆ. ನಮಗೆಲ್ಲ ಅದು ಪ್ರತಿಭಟನೆ ನಡೆಯೋ ಜಾಗ. ಅದರ ಹಿಂದಿನ ಜನ್ಮದಲ್ಲಿ ಅದು ಬೆಂಗಳೂರಿನ ಸೆಂಟ್ರಲ್ ಜೈಲು. ಒಳಗೆ ಹೋದರೆ ಹಳೇ ಬ್ಯಾರಕ್ಕು, ಕಾವಲು ಗೋಪುರ ಇನ್ನೂ ಕಾಣುತ್ತವೆ. 1976ರಲ್ಲಿ ಅಲ್ಲಿ ಎಂಟು ತಿಂಗಳಿಗೂ ಹೆಚ್ಚು ಕಾಲ ಒಬ್ಬ ನಟಿಯನ್ನ ವಿಚಾರಣೆಯೇ ಇಲ್ಲದೆ ಇಟ್ಟಿದ್ದರು.

'ಸಂಸ್ಕಾರ' ಸಿನಿಮಾ ನೋಡಿದವರಿಗೆ ಚಂದ್ರಿ ನೆನಪಿರುತ್ತಾಳೆ. ಆ ಚಂದ್ರಿಯೇ ಸ್ನೇಹಲತಾ ರೆಡ್ಡಿ. 1932ರಲ್ಲಿ ಆಂಧ್ರ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದವರು. ಮದ್ರಾಸ್ ಪ್ಲೇಯರ್ಸ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಗಂಡ ಪಟ್ಟಾಭಿರಾಮ ರೆಡ್ಡಿ, ತೆಲುಗು ಕವಿ, 'ಸಂಸ್ಕಾರ'ದ ನಿರ್ದೇಶಕ. ಅನಂತಮೂರ್ತಿಯವರ ಕಾದಂಬರಿ, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್. ಸೆನ್ಸಾರ್ ಮೊದಲು ತಡೆ ಹಾಕಿತ್ತು, ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ಹೆಂಡತಿ ಇಬ್ಬರೂ ಲೋಹಿಯಾವಾದಿಗಳು. ಹಾಗಾಗಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರಿಗೆ ಗೆಳೆಯ. ಕಷ್ಟ ಶುರುವಾಗಿದ್ದು ಅಲ್ಲಿಂದಲೇ.

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆ ಆಯ್ತು. ಜಾರ್ಜ್ ಭೂಗತರಾದರು. ರೈಲು ಹಳಿ, ಸೇತುವೆ ಸ್ಫೋಟಿಸೋಕೆ ಡೈನಮೈಟ್ ಸಂಗ್ರಹಿಸಿದ್ದಾರೆ ಅಂತ ಅವರ ಮೇಲೆ ಆರೋಪ, ಅದೇ ಬರೋಡಾ ಡೈನಮೈಟ್ ಕೇಸು. ತನಿಖೆ ಸಿಬಿಐ ಕೈಗೆ ಹೋಯ್ತು. (ಸಂಚು ಪೂರ್ತಿ ಕಟ್ಟುಕಥೆ ಅಂತ ನಾನು ಹೇಳ್ತಿಲ್ಲ. ಆರೋಪಿಗಳಲ್ಲೊಬ್ಬರಾದ ಸಿ.ಜಿ.ಕೆ. ರೆಡ್ಡಿ ಆಮೇಲೆ ಅದನ್ನ ಸಮರ್ಥಿಸಿ ಪುಸ್ತಕವನ್ನೇ ಬರೆದರು.) ಜಾರ್ಜ್ ಸಿಗದಿದ್ದಾಗ ಪೊಲೀಸರು ಅವರ ಸುತ್ತ ಇದ್ದವರನ್ನ ಹಿಡಿದರು. 1976ರ ಮೇ 1ಕ್ಕೆ ತಮ್ಮ ಲಾರೆನ್ಸ್‌ನನ್ನ ಬೆಂಗಳೂರಿನಲ್ಲಿ ಹಿಡಿದು ಮೈ ಮುರಿಯೋ ಹಾಗೆ ಹೊಡೆದರು. ಮರುದಿನ, ಮೇ 2ಕ್ಕೆ, ಸ್ನೇಹಲತಾ.

ಇಲ್ಲಿ ಒಂದು ದಿನಾಂಕ ಗಮನಿಸಿ. ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನ ಪ್ರಶ್ನಿಸಿ ಹೈಕೋರ್ಟಿಗೆ ಹೋಗೋ ಹಕ್ಕೇ ಇಲ್ಲ ಅಂತ ತೀರ್ಪು ಕೊಟ್ಟಿತ್ತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅದಾಗಿ ನಾಲ್ಕೇ ದಿನಕ್ಕೆ ಸ್ನೇಹಲತಾ ಬಂಧನ. ಅಂದ್ರೆ ಅವರ ಮನೆಯವರಿಗೆ ಬಡಿಯೋಕೆ ಒಂದು ಬಾಗಿಲೂ ಉಳಿದಿರಲಿಲ್ಲ. ವಿಚಿತ್ರ ನೋಡಿ, ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ಟಿನ ಚರ್ಚ್ ಸಮಿತಿ, ಎಫ್‌ಬಿಐ ಮಾರ್ಟಿನ್ ಲೂಥರ್ ಕಿಂಗ್ ಹಿಂದೆ ಹೇಗೆ ಬಿದ್ದಿತ್ತು, ರೂಮುಗಳಲ್ಲಿ ಮೈಕ್ ಇಟ್ಟು ಅನಾಮಧೇಯ ಪತ್ರ ಕಳಿಸಿ ಹೇಗೆ ಹೆದರಿಸಿತ್ತು ಅಂತ ವರದಿ ಮಾಡಿತ್ತು. ಅಲ್ಲಿ ಲೆಕ್ಕ ಕೇಳೋಕೆ ಒಂದು ಸಂಸತ್ತಾದ್ರೂ ಇತ್ತು. ಇಲ್ಲಿ ವಿರೋಧ ಪಕ್ಷದ ಎಷ್ಟೋ ಸಂಸದರು ಜೈಲಲ್ಲಿದ್ದರು.

ಸ್ನೇಹಲತಾಗೆ ಹಳೇ ಅಸ್ತಮಾ. ಒಬ್ಬರೇ ಇರೋ ಚಿಕ್ಕ ಸೆಲ್, ಶೌಚಕ್ಕೆ ಮೂಲೆಯಲ್ಲೊಂದು ತೂತು, ಮಲಗೋಕೆ ನೆಲ. ಅದೇ ಜೈಲಲ್ಲಿದ್ದ ಮಧು ದಂಡವತೆ, ರಾತ್ರಿ ನಿಶ್ಶಬ್ದದಲ್ಲಿ ಅವರ ಚೀರಾಟ ಕೇಳಿಸ್ತಿತ್ತು ಅಂತ ಆಮೇಲೆ ನೆನಪಿಸಿಕೊಂಡಿದ್ದಾರೆ. ಆದ್ರೂ ಸ್ನೇಹಲತಾ ಸುಮ್ಮನೆ ಕೂತವರಲ್ಲ. ಬೇರೆ ಹೆಂಗಸರನ್ನ, ಸಣ್ಣಪುಟ್ಟ ಕೇಸಿನ ಬಡವರನ್ನ, ಸಿಬ್ಬಂದಿ ಹೊಡೆಯೋದನ್ನ ಕಂಡು ಉಪವಾಸ ಕೂತರು. ಹೊಡೆತ ನಿಂತಿತು, ಊಟ ಕೊಂಚ ಸುಧಾರಿಸಿತು. ಅವರಿಗೆ ಹಾಡು, ನಾಟಕ ಕಲಿಸಿದರು.

ಜೂನ್ 10ಕ್ಕೆ ಜಾರ್ಜ್ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು. ಅಲ್ಲಿಗೆ ಇವರಿಂದ ತಿಳಿಯಬೇಕಾದ್ದು ಏನೂ ಉಳಿದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಿಬಿಐ 25 ಜನರ ಮೇಲೆ ಚಾರ್ಜ್‌ಶೀಟ್ ಹಾಕಿತು, ಅದರಲ್ಲಿ ಸ್ನೇಹಲತಾ ಹೆಸರಿಲ್ಲ. ಆದ್ರೂ ಬಿಡಲಿಲ್ಲ. ಮೀಸಾ ಕಾಯ್ದೆಗೆ ಕಾರಣ ಹೇಳಬೇಕಾದ ಅಗತ್ಯವೇ ಇರಲಿಲ್ಲ. ನನಗೆ ಅವರ ಕಥೆಯಲ್ಲಿ ಅತಿ ಹೆಚ್ಚು ಸಿಟ್ಟು ತರಿಸೋದು ಈ ಭಾಗ. ಸಿಟ್ಟಿನಲ್ಲಿ ಹೊಡೆದ ಪೊಲೀಸನಿಗಿಂತ, ಫೈಲನ್ನ ಮುಂದಕ್ಕೆ ತಳ್ಳದೆ ಕೂತವನು ಇಲ್ಲಿ ಹೆಚ್ಚು ಕೆಡುಕು ಮಾಡಿದ.

ಶ್ವಾಸಕೋಶ ಪೂರ್ತಿ ಹಾಳಾದ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಕೊಟ್ಟರು. 18ಕ್ಕೆ ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ಕ್ಕೆ ಸ್ನೇಹಲತಾ ತೀರಿಕೊಂಡರು. ವಯಸ್ಸು 44. ಮಾರ್ಚ್‌ನಲ್ಲಿ ಸರ್ಕಾರ ಬದಲಾಗಿ, ಜೈಲಿಂದಲೇ ಗೆದ್ದ ಜಾರ್ಜ್ ಮಂತ್ರಿಯಾದರು, ಡೈನಮೈಟ್ ಕೇಸು ವಾಪಸ್ ಆಯ್ತು.

ಜೈಲಲ್ಲಿ ಅವರು ಬರೆದಿಟ್ಟ ಡೈರಿ ಅದೇ ವರ್ಷ ಪುಸ್ತಕವಾಯ್ತು. ತೆಳ್ಳಗಿದೆ, ಸಿಕ್ಕರೆ ಓದಿ. ಈ ಸೆಮ್ ಮುಗಿಯೋದರೊಳಗೆ ಕ್ಲಬ್ಬಿಂದ ಒಂದು ಸಂಜೆ 'ಸಂಸ್ಕಾರ' ಹಾಕೋಣ ಅಂತ ಮಾತಾಡ್ತಿದ್ದೀವಿ. ಪ್ರೊಜೆಕ್ಟರ್ ಇರೋ ಸೆಮಿನಾರ್ ಹಾಲ್ ಸಿಕ್ಕ ಕೂಡಲೇ ತಿಳಿಸ್ತೀವಿ.