ಸೇವಕನ ಜಾಣ್ಮೆ ಯಾರ ಪಾಲಿಗೆ? ನಾಟಕಕಾರ ಬೋಮಾರ್ಶೆಯ ಜೀವನ

ಯಜಮಾನ ಮತ್ತು ಸೇವಕರ ಜೋಡಿಯಿಂದ ನಗೆ ಹುಟ್ಟಿಸುವ ಪರಂಪರೆ ಯುರೋಪಿನ ರಂಗಭೂಮಿಯಲ್ಲಿ ಬಹಳ ಹಳೆಯದು. ರೋಮಿನ ಪ್ಲಾಟಸನ ಗುಲಾಮರಿಂದ ಹಿಡಿದು ಫ್ರಾನ್ಸಿನ ಮೋಲಿಯೇರನ ಆಳುಗಳವರೆಗೆ ಸೇವಕನೇ ಯಜಮಾನನಿಗಿಂತ ಜಾಣ. ಆದರೆ ಆ ಜಾಣ್ಮೆ ಹೆಚ್ಚಾಗಿ ದುಡಿಯುವುದು ಎಳೆಯ ಯಜಮಾನನ ಪ್ರೇಮ ಕೈಗೂಡಲೆಂದು. ನಮ್ಮ ಸಂಸ್ಕೃತ ನಾಟಕಗಳ ವಿದೂಷಕ ಆಳಲ್ಲ, ರಾಜನ ಬ್ರಾಹ್ಮಣ ಗೆಳೆಯ; ಆದರೂ ಅವನ ಓಡಾಟವೆಲ್ಲ ರಾಜನ ಪ್ರಣಯದ ಸುತ್ತಲೇ. ಈ ಜಾಣ್ಮೆಯನ್ನು ಸೇವಕನ ಸ್ವಂತ ಹಿತದ ಕಡೆಗೆ ತಿರುಗಿಸಿದ ಕೀರ್ತಿ ಹದಿನೆಂಟನೆಯ ಶತಮಾನದ ಫ್ರೆಂಚ್ ನಾಟಕಕಾರ ಬೋಮಾರ್ಶೆಗೆ ಸಲ್ಲುತ್ತದೆ. ಅವನನ್ನು ಫ್ರೆಂಚ್ ಕ್ರಾಂತಿಯ ಮುಂಗೋಳಿಯೆಂದು ಕರೆಯುವ ವಾಡಿಕೆಯುಂಟು. ಅವನ ಬದುಕನ್ನು ಗಮನಿಸಿದರೆ ಈ ಹೇಳಿಕೆಯನ್ನು ಹಾಗೆಯೇ ಒಪ್ಪುವುದು ಕಷ್ಟ. ಆತನ ಜಗಳ ಯಜಮಾನಿಕೆಯೊಂದಿಗಿತ್ತೋ, ಸಲ್ಲಬೇಕಾದುದನ್ನು ಸಲ್ಲಿಸದ ಯಜಮಾನರೊಂದಿಗಿತ್ತೋ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಪಿಯೆರ್ ಓಗಸ್ತ್ಯಾಂ ಕಾರೋಂ 1732ರ ಜನವರಿ 24ರಂದು ಪ್ಯಾರಿಸ್ಸಿನಲ್ಲಿ ಗಡಿಯಾರ ಕೆಲಸದವನ ಮಗನಾಗಿ ಹುಟ್ಟಿದ. ತಂದೆಯ ಕಸುಬನ್ನೇ ಕಲಿತು, 1753ರಲ್ಲಿ, ಇನ್ನೂ ಇಪ್ಪತ್ತೊಂದರ ಪ್ರಾಯದಲ್ಲಿ, ಗಡಿಯಾರದ ನಡೆಯನ್ನು ನಿಯಂತ್ರಿಸುವ ಹೊಸ ಕೀಲೊಂದನ್ನು ಕಂಡುಹಿಡಿದ. ಅರಮನೆಯ ಗಡಿಯಾರಗಾರ ಲಪೋತ್ ಅದು ತನ್ನದೆಂದು ಪ್ರಕಟಿಸಿಬಿಟ್ಟ. ತರುಣ ಕುಶಲಕರ್ಮಿ ಸುಮ್ಮನಾಗದೆ ವಿಜ್ಞಾನ ಅಕಾಡೆಮಿಯ ಮೊರೆಹೊಕ್ಕ. 1754ರಲ್ಲಿ ತೀರ್ಪು ಅವನ ಪರವಾಗಿ ಬಂತು. ದೊಡ್ಡವರು ಕಸಿದುಕೊಂಡುದನ್ನು ಬರವಣಿಗೆಯ ಬಲದಿಂದ ಮರಳಿ ಪಡೆಯಬಹುದೆಂಬ ಪಾಠ ಅವನಿಗೆ ಇಲ್ಲಿಯೇ ದೊರೆತಿರಬೇಕು.

ಈ ಗೆಲುವು ಅವನಿಗೆ ಅರಮನೆಯ ಬಾಗಿಲು ತೆರೆಯಿತು. 1755ರಲ್ಲಿ ಹಣಕೊಟ್ಟು ಕೊಂಡ ಹುದ್ದೆಯ ಸ್ವರೂಪ ಸ್ವಾರಸ್ಯಕರವಾಗಿದೆ: ಸೊಂಟದಲ್ಲಿ ಖಡ್ಗ ಧರಿಸಿ, ದೊರೆಯ ಊಟದ ತಟ್ಟೆಗಳ ಜೊತೆಯಲ್ಲಿ ಮೆರವಣಿಗೆಯಾಗಿ ನಡೆದು ಅವುಗಳನ್ನು ಮೇಜಿಗೆ ತಲುಪಿಸುವುದು. ಜಗತ್ತಿನ ಪ್ರಸಿದ್ಧ ಸೇವಕನನ್ನು ಸೃಷ್ಟಿಸಿದವನು ಸ್ವತಃ ಬಡಿಸುವ ಕೆಲಸಕ್ಕೆ ನಿಂತಿದ್ದವನು. ಅದೇ ಹುದ್ದೆಯನ್ನು ಅವನಿಗೆ ಬಿಟ್ಟುಕೊಟ್ಟವನ ವಿಧವೆಯನ್ನು ಮುಂದಿನ ವರ್ಷ ಮದುವೆಯಾಗಿ, ಅವಳ ಜಮೀನಿನ ಹೆಸರಿನಿಂದ ತನ್ನನ್ನು ಬೋಮಾರ್ಶೆ ಎಂದು ಕರೆದುಕೊಂಡ. ಹದಿನೈದನೆಯ ಲೂಯಿಯ ಕುವರಿಯರಿಗೆ ಹಾರ್ಪ್ ವಾದ್ಯ ಕಲಿಸಿದ. ಲೇವಾದೇವಿಗಾರ ಪಾರೀಸ್ ದುವೆರ್ನೆಯ ಕೃಪೆಯಿಂದ ಹಣವಂತನಾಗಿ 1761ರಲ್ಲಿ ಕುಲೀನ ಪದವಿಯನ್ನೂ ಖರೀದಿಸಿದ. ಆದರೂ ಅರಣ್ಯಾಧಿಕಾರದ ಉನ್ನತ ಹುದ್ದೆಯೊಂದಕ್ಕೆ ಅವನು ಯತ್ನಿಸಿದಾಗ, ಆ ವರ್ಗದ ಅಧಿಕಾರಿಗಳು ಗಡಿಯಾರದವನ ಮಗ ತಮ್ಮ ಸಾಲಿಗೆ ಬರಕೂಡದೆಂದು ತಡೆದರು.

ಈ ಕಾಲದ್ದೆಂದು ಅವನ ಜೀವನಚರಿತ್ರಕಾರರು ಹೇಳುವ ಒಂದು ಕಥೆಯಿದೆ. ಆಸ್ಥಾನಿಕನೊಬ್ಬ ಜನರ ನಡುವೆ ಅವನನ್ನು ತಡೆದು, ತನ್ನ ಬೆಲೆಬಾಳುವ ಗಡಿಯಾರವನ್ನು ಪರೀಕ್ಷಿಸಿಕೊಡೆಂದು ಒತ್ತಾಯಿಸಿದನಂತೆ. ಕಸುಬು ಬಿಟ್ಟ ಮೇಲೆ ಕೈ ಹಿಡಿತ ತಪ್ಪಿದೆಯೆಂದು ಬೋಮಾರ್ಶೆ ಮೊದಲೇ ತಿಳಿಸಿದ, ಒತ್ತಾಯ ನಿಲ್ಲಲಿಲ್ಲ. ಗಡಿಯಾರವನ್ನು ಕಣ್ಣಿನ ಎತ್ತರಕ್ಕೆ ಹಿಡಿದು ನೆಲಕ್ಕೆ ಬೀಳಿಸಿ, ನಮಸ್ಕರಿಸಿ ಹೊರಟುಹೋದ. ಕಥೆಯ ನಿಜ ಎಷ್ಟೇ ಇರಲಿ, ವಿಧೇಯತೆಯ ವೇಷದಲ್ಲೇ ಅವಮಾನವನ್ನು ಹಿಂದಿರುಗಿಸುವ ಈ ರೀತಿ ಮುಂದೆ ಅವನ ಪಾತ್ರ ಫಿಗಾರೊನದಾಯಿತು.

ಇದೇ ಬೋಮಾರ್ಶೆ 1763ರಿಂದ ದೊರೆಯ ಬೇಟೆಪ್ರದೇಶದ ನ್ಯಾಯಾಧಿಕಾರಿಯಾಗಿದ್ದ. ರಾಜನ ಕಾಡಿನಲ್ಲಿ ಕಳ್ಳಬೇಟೆಯಾಡಿದವರನ್ನು ದಂಡಿಸುವ ಪೀಠವದು. ಅವನನ್ನು ಪ್ರಜೆಗಳ ವಕೀಲನೆಂದು ಮಾತ್ರ ಚಿತ್ರಿಸುವ ಬರಹಗಳು ಈ ಸಂಗತಿಯನ್ನು ಬದಿಗಿರಿಸುತ್ತವೆ.

1770ರಲ್ಲಿ ದುವೆರ್ನೆ ತೀರಿಕೊಂಡಾಗ ಲೆಕ್ಕದ ಪ್ರಕಾರ ಬೋಮಾರ್ಶೆಗೆ 15,000 ಲೀವ್ರ್ ಸಲ್ಲಬೇಕಿತ್ತು. ವಾರಸುದಾರ ಕೌಂಟ್ ಲಾ ಬ್ಲಾಶ್ ಆ ಪತ್ರವನ್ನೇ ಖೋಟಾ ಎಂದ. 1773ರಲ್ಲಿ ನಟಿಯೊಬ್ಬಳ ಕಾರಣದಿಂದ ಡ್ಯೂಕ್ ಒಬ್ಬನೊಂದಿಗೆ ಹೊಡೆದಾಟವಾಗಿ ಬೋಮಾರ್ಶೆ ಸೆರೆಯಲ್ಲಿದ್ದ ಹೊತ್ತಿಗೇ ಮೇಲ್ಮನವಿ ವಿಚಾರಣೆಗೆ ಬಂತು. ನ್ಯಾಯಾಧೀಶ ಗೋಯಸ್‌ಮಾನನ ದರ್ಶನಕ್ಕಾಗಿ ಅವನ ಹೆಂಡತಿಗೆ ನೂರು ಲೂಯಿ ನಾಣ್ಯ, ಒಂದು ವಜ್ರದ ಗಡಿಯಾರ, ಜೊತೆಗೆ ಗುಮಾಸ್ತನ ಹೆಸರಿನಲ್ಲಿ ಹದಿನೈದು ಲೂಯಿ ಸಂದವು. ಮೊಕದ್ದಮೆ ಸೋತ ಮೇಲೆ ಆಕೆ ಉಳಿದುದನ್ನು ಹಿಂತಿರುಗಿಸಿ ಹದಿನೈದು ಲೂಯಿಯನ್ನು ಇಟ್ಟುಕೊಂಡಳು. ಗುಮಾಸ್ತನಿಗೆ ಅದು ತಲುಪಿರಲಿಲ್ಲ. ಈ ಸಣ್ಣ ಮೊತ್ತವನ್ನು ಹಿಡಿದುಕೊಂಡು ಬೋಮಾರ್ಶೆ ಬರೆದ ನಾಲ್ಕು ನಿವೇದನೆಗಳು ಇಡೀ ನ್ಯಾಯಾಲಯವನ್ನು ನಗೆಪಾಟಲಿಗೆ ಈಡುಮಾಡಿದವು. 1774ರ ಫೆಬ್ರವರಿ 26ರ ತೀರ್ಪಿನಲ್ಲಿ ಅವನ ನಾಗರಿಕ ಹಕ್ಕುಗಳು ಹೋದವು. ನಿವೇದನೆಗಳನ್ನು ಸುಡಲು ಆಜ್ಞೆಯಾಯಿತು. 1776ರಲ್ಲಿ ಹಕ್ಕುಗಳು ಮರಳಿದವು.

‘ಸೆವಿಲ್ಲಿನ ಕ್ಷೌರಿಕ’ 1775ರಲ್ಲಿ ರಂಗಕ್ಕೆ ಬಂದು ಮೊದಲ ದಿನ ಸೋತಿತು. ಐದು ಅಂಕಗಳನ್ನು ನಾಲ್ಕಕ್ಕಿಳಿಸಿದ ಮೇಲೆ ಗೆದ್ದಿತು. ಅಲ್ಲಿ ಫಿಗಾರೊ ಹಳೆಯ ಪರಂಪರೆಯವನೇ, ಕೌಂಟ್ ಅಲ್ಮಾವೀವಾನಿಗೆ ಹೆಣ್ಣು ದೊರಕಿಸಿಕೊಡುವವನು. ‘ಫಿಗಾರೊನ ಮದುವೆ’ಯಲ್ಲಿ ಅದೇ ಕೌಂಟ್ ಫಿಗಾರೊನ ವಧು ಸೂಸಾನಳ ಮೇಲೆ ಕಣ್ಣಿಡುತ್ತಾನೆ, ತಾನೇ ಬಹಿರಂಗವಾಗಿ ತ್ಯಜಿಸಿದ ಒಡೆಯನ ಹಕ್ಕನ್ನು ಗುಟ್ಟಾಗಿ ಹಣಕೊಟ್ಟು ಪಡೆಯಲೆಳಸುತ್ತಾನೆ. ಉಪಕಾರಕ್ಕೆ ಸಂದ ಕೂಲಿ ಇದು. ತೊದಲುವ ನ್ಯಾಯಾಧೀಶನಿಗೆ ಗುಸ್ಮಾನ್ ಎಂದು ಹೆಸರಿಟ್ಟು ಹಳೆಯ ಲೆಕ್ಕವನ್ನೂ ಚುಕ್ತಾ ಮಾಡಲಾಗಿದೆ. ವಿಮರ್ಶಕರು ಐದನೆಯ ಅಂಕದ ಫಿಗಾರೊನ ದೀರ್ಘ ಸ್ವಗತಕ್ಕೆ ಮಹತ್ವ ಕೊಡುತ್ತಾರೆ. ಆದರೆ ಕೌಂಟನನ್ನು ನಿಜವಾಗಿ ಮಣಿಸುವುದು ಉಡುಪು ಬದಲಿಸಿಕೊಂಡ ಸೂಸಾನ್ ಮತ್ತು ಅವಳ ಒಡತಿ. ಕತ್ತಲಲ್ಲಿ ಕೌಂಟ್ ತನ್ನ ಹೆಂಡತಿಗೇ ಪ್ರಣಯ ಹೇಳುತ್ತಾನೆ. ಫಿಗಾರೊ ಕೂಡ ಮೊದಲಿಗೆ ಮೋಸಹೋಗುತ್ತಾನೆ. ವರ್ಗದ ಜೊತೆಗೆ ಲಿಂಗದ ನೆಲೆಯಿಂದಲೂ ಈ ನಾಟಕವನ್ನು ಓದಬೇಕಾಗಿದೆ.

ಹದಿನಾರನೆಯ ಲೂಯಿ ಇದನ್ನು ಆಡಕೂಡದೆಂದ. ಆದರೆ 1783ರಲ್ಲಿ ಕುಲೀನನೊಬ್ಬನ ಭವನದಲ್ಲಿ, ಕುಲೀನರ ಮುಂದೆಯೇ ಇದರ ಖಾಸಗಿ ಪ್ರಯೋಗವಾಯಿತು. ಗೇಲಿಗೊಳಗಾದ ವರ್ಗವೇ ತನ್ನ ಗೇಲಿಗೆ ಜಾಗ ಮಾಡಿಕೊಟ್ಟಿತ್ತು. 1784ರ ಏಪ್ರಿಲ್ 27ರಂದು ಸಾರ್ವಜನಿಕ ಪ್ರಯೋಗವಾಗಿ ಅಪಾರ ಯಶಸ್ಸು ದೊರೆಯಿತು. ಮರುವರ್ಷ ಪತ್ರಿಕಾ ವಾಗ್ವಾದವೊಂದರ ನೆಪದಲ್ಲಿ, ಐವತ್ಮೂರರ ಲೇಖಕನನ್ನು ಪುಂಡ ಹುಡುಗರನ್ನು ಕೂಡುವ ಸೇಂಟ್ ಲಜಾರ್ ಸೆರೆಮನೆಗೆ ಕೆಲವು ದಿನ ತಳ್ಳಲಾಯಿತು. 1786ರಲ್ಲಿ ವಿಯೆನ್ನಾದಲ್ಲಿ ಮೊಟ್ಸಾರ್ಟನ ಸಂಗೀತರೂಪಕ ಬಂದಾಗ ಸ್ವಗತದ ರಾಜಕೀಯ ಭಾಗ ಉಳಿದಿರಲಿಲ್ಲ.

ದುಡಿದವನಿಗೆ ಸಲ್ಲಬೇಕಾದುದರ ಪ್ರಶ್ನೆ ರಂಗದ ಹೊರಗೂ ಅವನನ್ನು ಬಿಡಲಿಲ್ಲ. ನಟರ ಮಂಡಳಿ ಲೇಖಕರಿಗೆ ಸರಿಯಾದ ಲೆಕ್ಕ ಕೊಡುತ್ತಿಲ್ಲವೆಂದು 1777ರಲ್ಲಿ ನಾಟಕಕಾರರ ಸಂಘ ಕಟ್ಟಿದ. ಅದಕ್ಕೆ ಹಿಂದಿನ ವರ್ಷವೇ ಫ್ರಾನ್ಸ್ ಮತ್ತು ಸ್ಪೇನ್ ಸರ್ಕಾರಗಳ ಗುಪ್ತ ಧನಸಹಾಯದಿಂದ ನಕಲಿ ವ್ಯಾಪಾರ ಸಂಸ್ಥೆಯೊಂದನ್ನು ತೆರೆದು, ಅಮೆರಿಕದ ದಂಗೆಕೋರರಿಗೆ ಮದ್ದುಗುಂಡು ಸಾಗಿಸತೊಡಗಿದ್ದ. ಅದರ ಹಣ ಅವನ ಜೀವಿತಕಾಲದಲ್ಲಿ ತೀರಲಿಲ್ಲ.

ಕ್ರಾಂತಿ ಬಂದಾಗ ಅವನು ಬಾಸ್ತೀಲಿನೆದುರು ಭವ್ಯ ಭವನದ ಒಡೆಯ. 1792ರಲ್ಲಿ ಜನ ಅವನ ಮನೆಯನ್ನೇ ಶೋಧಿಸಿದರು; ಆಗಸ್ಟಿನಲ್ಲಿ ಸೆರೆಯಾಗಿ, ಸೆಪ್ಟೆಂಬರಿನ ಹತ್ಯಾಕಾಂಡಕ್ಕೆ ಕೆಲವೇ ದಿನ ಮುಂಚೆ ಬಿಡುಗಡೆ ಹೊಂದಿದ. ಅದೇ ವರ್ಷದ ಜೂನ್ ತಿಂಗಳಲ್ಲಿ ಫಿಗಾರೊ ಸರಣಿಯ ಮೂರನೆಯ ನಾಟಕ ‘ಅಪರಾಧಿ ತಾಯಿ’ ರಂಗಕ್ಕೆ ಬಂದಿತ್ತು. ಅದರಲ್ಲಿ ಫಿಗಾರೊ ವಯಸ್ಸಾದ ನಂಬಿಗಸ್ತ ಆಳು. ಅಲ್ಮಾವೀವಾನ ಸಂಸಾರವನ್ನು ಕಪಟಿಯೊಬ್ಬನಿಂದ ಉಳಿಸಿ, ಕೊನೆಯಲ್ಲಿ ಒಡೆಯ ಕೊಡಬಂದ ಹಣವನ್ನು ಬೇಡವೆನ್ನುತ್ತಾನೆ. ಸಂಬಳಕ್ಕಾಗಿ, ಗೌರವಕ್ಕಾಗಿ ಬದುಕಿಡೀ ವ್ಯಾಜ್ಯ ಹೂಡಿದವನ ಸೇವಕ, ಒಡೆಯರ ತಲೆಗಳು ಉರುಳತೊಡಗಿದ ಕಾಲದಲ್ಲಿ ಕೂಲಿ ಒಲ್ಲೆನೆಂದ. ಇದನ್ನು ವೃದ್ಧಾಪ್ಯದ ಭಾವುಕತೆಯೆಂದು ತಳ್ಳಿಹಾಕುವ ವಿಮರ್ಶೆ ನನಗೆ ಅವಸರದ್ದೆನಿಸುತ್ತದೆ. ಬೇಟೆಪೀಠದ ಮೇಲೆ ಕುಳಿತ ಬೋಮಾರ್ಶೆಯನ್ನು ನೆನೆದರೆ ಈ ಫಿಗಾರೊ ಅಪರಿಚಿತನಲ್ಲ.

ಹ್ಯಾಂಬರ್ಗಿನಲ್ಲಿ ಬಡತನದ ವಲಸೆ ಕಳೆದು 1796ರಲ್ಲಿ ಮರಳಿದ ಅವನು 1799ರ ಮೇ 18ರಂದು ಪ್ಯಾರಿಸ್ಸಿನಲ್ಲಿ ನಿದ್ರೆಯಲ್ಲೇ ತೀರಿಕೊಂಡ. ಅಮೆರಿಕದ ಬಾಕಿಯ ಪೈಕಿ 8,00,000 ಫ್ರಾಂಕ್ ಅವನ ವಾರಸುದಾರರಿಗೆ ದೊರೆತದ್ದು 1835ರಲ್ಲಿ.