ಗುಮಾಸ್ತನಾಗಿದ್ದ ಕ್ರೀಡಾಲೇಖಕ: ಸರ್ ನೆವಿಲ್ ಕಾರ್ಡಸ್

ಕಾಲೇಜಿನ ಕೊನೆಯ ಪರೀಕ್ಷೆಯನ್ನು ಮುಗಿಸಿ, ಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ ಕೆಲಸ ದೊರಕಿಸಿಕೊಳ್ಳಬೇಕೆಂದು ಹಂಬಲಿಸುವ ತರುಣರು ನಮ್ಮವರಲ್ಲಿ ಈಗ ಅನೇಕರಿದ್ದಾರೆ. ಆ ಮನೆಯ ಬಾಗಿಲು ಎಲ್ಲಿದೆ, ಅದನ್ನು ತೆರೆಯುವವರು ಯಾರು ಎಂಬುದು ಅವರ ಪ್ರಶ್ನೆ. ಕಾಲೇಜಿನ ಮೆಟ್ಟಿಲನ್ನೇ ಹತ್ತದೆ, ಹೋಟೆಲಿನಲ್ಲಿಯೋ ಕಚೇರಿಯಲ್ಲಿಯೋ ದುಡಿಯುತ್ತ, ಸಿಕ್ಕಿದ ಬಿಡುವಿನಲ್ಲಿ ಪತ್ರಿಕೆಯ ಆಟದ ಪುಟವನ್ನು ಒಂದಕ್ಷರ ಬಿಡದೆ ಓದುವವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇದೆ: ಈ ವಿದ್ಯೆ ನಮ್ಮಂಥವರಿಗೂ ಒಲಿಯುವುದೇ? ಈ ಎರಡು ಪ್ರಶ್ನೆಗಳಿಗೂ ಒಬ್ಬರ ಬಾಳು ಉತ್ತರ ಕೊಡುವಂತಿದೆ. ಇಂಗ್ಲಿಷ್ ಭಾಷೆಯ ಕ್ರಿಕೆಟ್ ಬರವಣಿಗೆಗೆ ಸಾಹಿತ್ಯದ ಮರ್ಯಾದೆಯನ್ನು ತಂದುಕೊಟ್ಟ ಸರ್ ನೆವಿಲ್ ಕಾರ್ಡಸರೇ ಅವರು.

ಮ್ಯಾಂಚೆಸ್ಟರ್ ಎಂಬ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. ಆ ಊರಿನ ಗಿರಣಿಗಳ ಬಟ್ಟೆ ಒಂದು ಕಾಲದಲ್ಲಿ ನಮ್ಮ ಸಂತೆಪೇಟೆಗಳನ್ನೆಲ್ಲ ತುಂಬಿತ್ತು. ಮುಂಬಯಿಯ ಗಿರಣಿಗಳು ಸೆಣಸಬೇಕಾಗಿದ್ದುದೂ ಅದರೊಡನೆಯೇ. ಹೊಗೆ ಕವಿದ ಆ ಊರಿನ ರಷೋಮ್ ಎಂಬ ಭಾಗದಲ್ಲಿ 1888ರ ಏಪ್ರಿಲ್ ತಿಂಗಳಿನಲ್ಲಿ ನೆವಿಲ್ ಹುಟ್ಟಿದನು. ಅಜ್ಜ ನಿವೃತ್ತನಾದ ಪೊಲೀಸಿನವನು. ಮನೆಯ ಹೆಂಗಸರು ಪರರ ಬಟ್ಟೆ ಒಗೆದು ಸಂಸಾರ ಸಾಗಿಸುತ್ತಿದ್ದರು. ತಂದೆಯನ್ನು ಹುಡುಗನು ಅರಿಯನು. ತಾಯಿಯೂ ಚಿಕ್ಕಮ್ಮ ಬಿಯಾಟ್ರಿಸಳೂ ಮುಂದೆ ಹಿಡಿದ ದಾರಿಯನ್ನು ಸಮಾಜವು ಮರ್ಯಾದೆಯದೆಂದು ಎಣಿಸುತ್ತಿರಲಿಲ್ಲ. ಕಾರ್ಡಸರು ಕೀರ್ತಿಶಿಖರದಲ್ಲಿದ್ದಾಗ 1947ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥೆಯಲ್ಲಿ ಈ ಸಂಗತಿಯನ್ನು ಮರೆಮಾಡಲಿಲ್ಲ. ಪುಸ್ತಕವನ್ನು ಗೌರವಿಸಬೇಕೆಂದು ಬಾಲ್ಯದಲ್ಲಿ ತಮಗೆ ಕಲಿಸಿದವಳು ಆ ಚಿಕ್ಕಮ್ಮನೇ ಎಂಬುದನ್ನೂ ಅವರು ಕೃತಜ್ಞತೆಯಿಂದ ನೆನೆದರು.

ಹದಿಮೂರನೆಯ ವಯಸ್ಸಿಗೆ ಶಾಲೆ ಮುಗಿಯಿತು. ಅನಂತರ ಹುಡುಗನು ಮಾಡದ ಕೆಲಸವಿಲ್ಲ. ಮನೆ ಕಟ್ಟುವವನ ಬಳಿ ಸಾಮಾನಿನ ತಳ್ಳುಗಾಡಿಯನ್ನು ನೂಕಿದನು. ಮುದ್ರಣಾಲಯದಲ್ಲಿ ಅಚ್ಚುಮೊಳೆಗಳನ್ನು ತೊಳೆಯುವ ಕೆಲಸಕ್ಕೆ ನಿಂತನು. ನಾಟಕಶಾಲೆಯಲ್ಲಿ ಪ್ರೇಕ್ಷಕರ ನಡುವೆ ಓಡಾಡಿ ಚಾಕಲೇಟು ಮಾರಿದನು. ಮಾರುತ್ತಿದ್ದವನ ಕಣ್ಣು ತಟ್ಟೆಯ ಮೇಲಿದ್ದರೂ ಕಿವಿ ರಂಗದ ಮೇಲಿರುತ್ತಿತ್ತು. ನಮ್ಮಲ್ಲಿ ಗಲ್ಲೆಯ ಹಿಂದೆ ಕುಳಿತು, ರೇಡಿಯೋದ ವೀಕ್ಷಕ ವಿವರಣೆಯನ್ನು ಒಂದು ಮಾತೂ ತಪ್ಪದಂತೆ ಕೇಳಿಸಿಕೊಂಡ ಹಿರಿಯರಿಗೆ ಈ ಬಗೆಯ ವಿದ್ಯಾರ್ಜನೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಸುಮಾರು 1904ರಲ್ಲಿ ಹಡಗು ವಿಮೆಯ ಕಚೇರಿಯೊಂದರಲ್ಲಿ ಅವನಿಗೆ ಗುಮಾಸ್ತಗಿರಿ ದೊರೆಯಿತು. ಅದನ್ನು ನಡೆಸುತ್ತಿದ್ದ ಫ್ಲೆಮಿಂಗ್ ಸೋದರರು ಸಜ್ಜನರು. ಕೆಲಸ ಬೇಸರದ್ದು, ಸಂಬಳ ಸಣ್ಣದು. ಆದರೆ ಸಂಜೆಯ ಹೊತ್ತು ಅವನದೇ ಆಗಿತ್ತು. ಮ್ಯಾಂಚೆಸ್ಟರಿನ ನಗರಸಭೆಯು 1852ರಷ್ಟು ಹಿಂದೆಯೇ ಸಾರ್ವಜನಿಕರಿಗಾಗಿ ಉಚಿತ ಪುಸ್ತಕಾಲಯವನ್ನು ತೆರೆದಿತ್ತು. ಅದರ ಪ್ರಾರಂಭೋತ್ಸವಕ್ಕೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸರು ಬಂದಿದ್ದರು. ಅರ್ಧ ಶತಮಾನದ ತರುವಾಯ ಅದೇ ಊರಿನ ಪುಸ್ತಕಾಲಯದಲ್ಲಿ ಈ ಗುಮಾಸ್ತನು ಡಿಕನ್ಸರ ಕೃತಿಗಳಿಗೆ ಮನಸೋತು, ಅಲ್ಲಿಂದ ಇತರ ಗ್ರಂಥಗಳಿಗೆ ಹೊರಳಿದನು. ಓದು ಕಂಡಕಂಡ ಕಡೆಗೆ ಹರಿದುಹೋಗಬಾರದೆಂದು ತನಗೆ ತಾನೇ ಒಂದು ವೇಳಾಪಟ್ಟಿಯನ್ನು ಹಾಕಿಕೊಂಡು, ವಾರದಲ್ಲಿ ಇಂತಿಷ್ಟು ಗಂಟೆ ಇಂಥ ವಿಷಯಕ್ಕೆಂದು ಗೊತ್ತುಮಾಡಿಕೊಂಡನು. ವಿಶ್ವವಿದ್ಯಾಲಯದ ಉಚಿತ ಉಪನ್ಯಾಸಗಳಿಗೂ ಹೋಗಿ ಕುಳಿತನು. 1908ರ ಡಿಸೆಂಬರಿನಲ್ಲಿ ಫ್ರೀ ಟ್ರೇಡ್ ಹಾಲಿನಲ್ಲಿ ಎಲ್ಗರ್ ಎಂಬ ಸಂಗೀತ ರಚಕರ ಮೊದಲನೆಯ ಸಿಂಫನಿಯನ್ನು ಮೊತ್ತಮೊದಲು ನುಡಿಸಿದಾಗ ಕೇಳಲು ಬಂದವರಲ್ಲಿ ಈತನೂ ಒಬ್ಬನು. ಸಂಗೀತ ವಿಮರ್ಶಕನಾಗಬೇಕೆಂಬುದೇ ಅವನ ಜೀವದ ಆಸೆಯಾಗಿತ್ತು. ಕ್ರಿಕೆಟಾದರೋ ಬಾಲ್ಯದ ಪ್ರೀತಿ. ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಮ್ಯಾಕ್ಲಾರೆನ್ನರ ರಾಜಗಾಂಭೀರ್ಯದ ಬ್ಯಾಟಿಂಗನ್ನು ಕಂಡ ಹುಡುಗನು ತಾನೂ ಬೌಲಿಂಗ್ ಕಲಿತು, ಸ್ಥಳೀಯ ಕ್ಲಬ್ಬುಗಳಲ್ಲಿ ಆಡಿದನು. ಈ ಎರಡನೆಯ ಪ್ರೀತಿಯೇ ಮುಂದೆ ಅನ್ನ ಕೊಡುವುದೆಂದು ಆಗ ಯಾರೂ ಎಣಿಸಿರಲಾರರು.

1912ರಲ್ಲಿ ಕಾರ್ಡಸರು ಗುಮಾಸ್ತಗಿರಿಗೆ ಶರಣು ಹೊಡೆದು, ಶ್ರೂಸ್‌ಬರಿ ಎಂಬಲ್ಲಿನ ಪ್ರಸಿದ್ಧ ಶಾಲೆಗೆ ಕ್ರಿಕೆಟ್ ಕಲಿಸುವ ಸಹಾಯಕರಾಗಿ ಹೋದರು. ಸಿರಿವಂತರ ಮಕ್ಕಳಿಗೆ ಚೆಂಡೆಸೆಯುವ ಕೆಲಸ ಅದು. ಅಲ್ಲಿ ಅವರಿಗೆ ಯಾರ್ಕ್‌ಶೈರಿನ ಹಳೆಯ ಆಟಗಾರ ಟೆಡ್ ವೇನ್‌ರೈಟರ ಸಹವಾಸ ದೊರೆಯಿತು. 1897–98ರಲ್ಲಿ ನಮ್ಮ ರಣಜಿತ್‌ಸಿಂಹಜಿಯವರು ಇಂಗ್ಲೆಂಡ್ ತಂಡದಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ ಅದೇ ತಂಡದಲ್ಲಿದ್ದವರು ಈ ವೇನ್‌ರೈಟರು. ಪುಸ್ತಕದಲ್ಲಿ ಸಿಗದ ಆಟದ ಒಳಗುಟ್ಟುಗಳು, ವೃತ್ತಿಪರ ಆಟಗಾರರ ಮಾತಿನ ವರಸೆ, ಅವರ ಬಡತನ, ಅವರ ಹಾಸ್ಯ, ಇವೆಲ್ಲವೂ ಕಾರ್ಡಸರಿಗೆ ಇಂಥವರಿಂದಲೇ ತಿಳಿದುಬಂದವು. ಶಾಲೆಯ ಮುಖ್ಯೋಪಾಧ್ಯಾಯ ಆಲಿಂಗ್ಟನ್ನರು ಈ ತರುಣನು ಬಿಡುವಿನಲ್ಲಿ ಗ್ರಂಥಗಳನ್ನು ಓದುವುದನ್ನು ಗಮನಿಸದೆ ಇರಲಿಲ್ಲ. 1914ರಲ್ಲಿ ಯುದ್ಧ ಬಂದಾಗ ಅವರು ಕಾರ್ಡಸರನ್ನು ತಮ್ಮ ಕಾರ್ಯದರ್ಶಿಯನ್ನಾಗಿ ನೇಮಿಸಿಕೊಂಡರು.

ಆದರೆ ಆ ನೆಮ್ಮದಿಯೂ ಉಳಿಯಲಿಲ್ಲ. ಆಲಿಂಗ್ಟನ್ನರಿಗೆ ಈಟನ್ನಿಗೆ ಕರೆ ಬಂದಿತು; ಕಾರ್ಡಸರು ಬರಿಗೈಯಲ್ಲಿ ಮ್ಯಾಂಚೆಸ್ಟರಿಗೆ ಹಿಂದಿರುಗಿದರು. ದೃಷ್ಟಿದೋಷದಿಂದಾಗಿ ಸೈನ್ಯವು ಅವರನ್ನು ಸೇರಿಸಿಕೊಂಡಿರಲಿಲ್ಲ. ಬಡವರ ಮನೆಮನೆಗೆ ಹೋಗಿ ಶವಸಂಸ್ಕಾರದ ವಿಮೆಯ ಕಂತುಗಳನ್ನು ವಸೂಲು ಮಾಡುವ ಕೆಲಸವನ್ನೂ ಅವರು ಕೆಲಕಾಲ ಮಾಡಬೇಕಾಯಿತು. ವಯಸ್ಸು ಮೂವತ್ತನ್ನು ಸಮೀಪಿಸಿತ್ತು. ಕೈಯಲ್ಲಿ ಪದವಿಯಿಲ್ಲ, ಬೆನ್ನಿಗೆ ಬಂಧುಗಳಿಲ್ಲ. ಇಂಥ ಸ್ಥಿತಿಯಲ್ಲಿ ಅವರು ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಸಂಪಾದಕ ಸಿ. ಪಿ. ಸ್ಕಾಟರಿಗೆ ಪತ್ರ ಬರೆದರು. 1872ರಿಂದ ಆ ಪೀಠದಲ್ಲಿದ್ದ ಸ್ಕಾಟರ ಕೀರ್ತಿ ದೇಶದೇಶಗಳಿಗೆ ಹಬ್ಬಿತ್ತು. ಕಾರ್ಡಸರು ಕೇಳಿದ್ದು ಲೇಖಕನ ಸ್ಥಾನವನ್ನಲ್ಲ. ಗುಮಾಸ್ತನ ಕೆಲಸವಾದರೂ ಸಾಕೆಂದಿದ್ದರು. ಭೇಟಿಗೆ ಕರೆ ಬಂದರೂ ಕೂಡಲೇ ಸ್ಥಿರವಾದ ಕೆಲಸ ದೊರೆಯಲಿಲ್ಲ. ಕೊನೆಗೆ 1917ರಲ್ಲಿ ವರದಿಗಾರರ ಸಾಲಿನಲ್ಲಿ ಒಂದು ಕುರ್ಚಿ ಅವರದಾಯಿತು. ಸಾಮಾನ್ಯ ಸಭೆ, ವಿನೋದದ ರಂಗಮಂದಿರಗಳ ಕಾರ್ಯಕ್ರಮ, ಹೀಗೆ ಹೊಸಬರಿಗೆ ಹಂಚುವ ಕೆಲಸವನ್ನೆಲ್ಲ ಅವರು ಮಾಡಿದರು.

ಕ್ರೀಡೆಯ ಬಾಗಿಲು ತೆರೆದುದಾದರೋ ಕಾಯಿಲೆಯ ಕೈಯಿಂದ. 1919ರಲ್ಲಿ ಶ್ವಾಸಕೋಶದ ತೊಂದರೆಯಿಂದ ಕಾರ್ಡಸರು ಮಲಗಿದರು. ಚೇತರಿಸಿಕೊಳ್ಳುತ್ತಿದ್ದವರನ್ನು ಕಂಡು ಸುದ್ದಿ ಸಂಪಾದಕ ಕ್ರೋಜಿಯರರು, ಬಿಸಿಲಿನಲ್ಲಿ ಕುಳಿತಿದ್ದು ಮೈ ಸುಧಾರಿಸಿಕೊಳ್ಳಲಿ, ಕ್ರಿಕೆಟಿನ ವರದಿಯೂ ಬರಲಿ ಎಂದು ಅವರನ್ನು ಓಲ್ಡ್ ಟ್ರಾಫರ್ಡಿಗೆ ಕಳುಹಿಸಿದರು. ಯುದ್ಧಕಾಲದಲ್ಲಿ ಆ ಮೈದಾನದ ಪೆವಿಲಿಯನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಯಾಗಿತ್ತು. ನಾಲ್ಕು ವರ್ಷ ನಿಂತಿದ್ದ ಕೌಂಟಿ ಆಟ ಆಗತಾನೇ ಮತ್ತೆ ತೊಡಗಿತ್ತು. ಆ ವರ್ಷದ ಜೂನ್ ತಿಂಗಳಿನಲ್ಲಿ ಲ್ಯಾಂಕಶೈರ್ ಮತ್ತು ಡರ್ಬಿಶೈರ್ ತಂಡಗಳ ನಡುವಣ ಪಂದ್ಯದಿಂದ ಅವರ ಕ್ರಿಕೆಟ್ ಬರವಣಿಗೆ ಮೊದಲಾಯಿತು. ಮರುವರ್ಷ ‘ಕ್ರಿಕೆಟರ್’ ಎಂಬ ಅಂಕಿತದಲ್ಲಿ ಪತ್ರಿಕೆಯ ಕ್ರಿಕೆಟ್ ಬಾತ್ಮೀದಾರರಾದರು. 1939ರ ಯುದ್ಧದವರೆಗೆ ಆ ಸ್ಥಾನವನ್ನು ಬೆಳಗಿಸಿದರು.

ಆಟದ ವರದಿಯೆಂದರೆ ಬಹುಮಟ್ಟಿಗೆ ಯಾರು ಎಷ್ಟು ಓಟ ಹೊಡೆದರು, ಯಾರು ಹೇಗೆ ಔಟಾದರು ಎಂಬ ಜಮಾಖರ್ಚೇ ಆಗಿದ್ದ ಕಾಲ ಅದು. ಕಾರ್ಡಸರು ಅಂಕಿಗಳ ಆಚೆಗಿದ್ದ ಮನುಷ್ಯನನ್ನು ಕಂಡರು. ಬೌಲರನ ನಡಿಗೆಯಲ್ಲಿ ಅವನ ಊರಿನ ಸ್ವಭಾವವನ್ನು, ಬ್ಯಾಟುಗಾರನ ಹೊಡೆತದಲ್ಲಿ ಅವನ ಗುಣವನ್ನು ಓದುಗನಿಗೆ ತೋರಿಸಿದರು. ಲ್ಯಾಂಕಶೈರ್ ಮತ್ತು ಯಾರ್ಕ್‌ಶೈರ್ ತಂಡಗಳ ಹಗೆತನದ ಪಂದ್ಯಗಳು ಅವರ ಲೇಖನಿಯಲ್ಲಿ ನಾಟಕಗಳಾದವು. ಸಂಗೀತ ಕೇಳಿ ಹದಗೊಂಡಿದ್ದ ಕಿವಿ ಅವರ ವಾಕ್ಯಗಳಿಗೆ ಲಯವನ್ನು ಕೊಟ್ಟಿತು; ಡಿಕನ್ಸರನ್ನು ಓದಿದ ಕಣ್ಣು ಸಾಮಾನ್ಯ ಆಟಗಾರರಲ್ಲಿಯೂ ಪಾತ್ರಗಳನ್ನು ಗುರುತಿಸಿತು. ರಣಜಿಯವರ ಆಟವನ್ನು ಕುರಿತು ಅವರು ಬರೆದ ಪುಟಗಳು ಇಂದಿಗೂ ಓದತಕ್ಕವು. 1922ರಿಂದ ಅವರ ಲೇಖನಗಳು ಪುಸ್ತಕರೂಪದಲ್ಲಿ ಬರತೊಡಗಿದವು. 1927ರಲ್ಲಿ ಬಯಸಿದ್ದ ಭಾಗ್ಯವೂ ಕೈಗೂಡಿತು. ಸ್ಯಾಮ್ಯುಯೆಲ್ ಲ್ಯಾಂಗ್‌ಫರ್ಡರ ನಿಧನಾನಂತರ ಅವರೇ ಪತ್ರಿಕೆಯ ಮುಖ್ಯ ಸಂಗೀತ ವಿಮರ್ಶಕರಾದರು. ಬೇಸಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಸಂಗೀತ ಎಂಬಂತೆ ಅವರ ವರ್ಷಗಳು ಉರುಳಿದವು.

ಇಷ್ಟು ಹೇಳಿ ಅವರ ಒಂದು ದೋಷವನ್ನು ಹೇಳದೆ ಬಿಟ್ಟರೆ ನಾವು ಓದುಗರಿಗೆ ಅನ್ಯಾಯ ಮಾಡಿದಂತಾಗುವುದು. ಕಾರ್ಡಸರು ಕೆಲವೊಮ್ಮೆ ಸಂಗತಿಗೆ ಬಣ್ಣ ಕಟ್ಟಿದರು. ಯಾರ್ಕ್‌ಶೈರಿನ ಎಮ್ಮಟ್ ರಾಬಿನ್‌ಸನ್ ಮೊದಲಾದ ಆಟಗಾರರ ಬಾಯಲ್ಲಿ ಅವರು ಇಟ್ಟ ಚತುರೋಕ್ತಿಗಳೆಲ್ಲ ಆಟಗಾರರು ಆಡಿದುವಲ್ಲ. ಕೆಲವು ಲೇಖಕರೇ ಕಲ್ಪಿಸಿದುವು. ಮುಂದೆ ಅವರೇ ಇದನ್ನು ಒಪ್ಪಿಕೊಂಡರು. ತಮ್ಮ ಹುಟ್ಟಿದ ವರ್ಷವನ್ನು ಸಹ ಬಹುಕಾಲ 1889 ಎಂದೇ ಹೇಳುತ್ತಿದ್ದರು. ಕಥೆಗಾರನಿಗೆ ಒಪ್ಪುವ ಸ್ವಾತಂತ್ರ್ಯ ವರದಿಗಾರನಿಗೆ ಒಪ್ಪುವುದಿಲ್ಲ. ಆಡದ ಮಾತನ್ನು ಆಡಿದನೆಂದು ಅಚ್ಚುಹಾಕಿಸುವುದು ಎಷ್ಟೇ ಸೊಗಸಾಗಿದ್ದರೂ ಓದುಗನ ನಂಬಿಕೆಗೆ ಮಾಡಿದ ಅಪಚಾರವೇ ಸರಿ. ಪತ್ರಿಕೋದ್ಯಮಕ್ಕೆ ಇಳಿಯುವ ತರುಣರು ಕಾರ್ಡಸರ ಕಣ್ಣನ್ನು ಪಡೆದುಕೊಳ್ಳಲಿ. ಈ ಚಾಪಲ್ಯವನ್ನು ಮಾತ್ರ ಅವರಿಗೇ ಬಿಟ್ಟುಬಿಡಲಿ.

1940ರಿಂದ 1947ರವರೆಗೆ ಕಾರ್ಡಸರು ಆಸ್ಟ್ರೇಲಿಯದಲ್ಲಿದ್ದು, ಅಲ್ಲಿನ ಪತ್ರಿಕೆಗಳಿಗೆ ಬರೆಯುತ್ತ, ರೇಡಿಯೋದಲ್ಲಿ ಸಂಗೀತವನ್ನು ಕುರಿತು ಭಾಷಣ ಮಾಡುತ್ತ ಸಾವಿರಾರು ಮನೆಗಳಿಗೆ ಪರಿಚಿತರಾದರು. 1967ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಬಾಲ್ಯದಲ್ಲಿ ಬಡ ಪ್ರೇಕ್ಷಕನಾಗಿ ಪ್ರವೇಶಿಸಿದ್ದ ಓಲ್ಡ್ ಟ್ರಾಫರ್ಡಿನ ಲ್ಯಾಂಕಶೈರ್ ಕ್ರಿಕೆಟ್ ಕ್ಲಬ್ಬಿಗೆ ಅವರು 1970ರಲ್ಲಿ ಅಧ್ಯಕ್ಷರಾದರು. 1975ರ ಫೆಬ್ರವರಿ 28ರಂದು ಲಂಡನ್ನಿನಲ್ಲಿ ತೀರಿಕೊಂಡರು. ಭಾರತದ ಕ್ರಿಕೆಟ್ ಪ್ರಿಯರಿಗೂ ಓಲ್ಡ್ ಟ್ರಾಫರ್ಡ್ ಪ್ರಿಯವಾದ ಮೈದಾನ. 1936ರಲ್ಲಿ ಮುಂಬಯಿಯ ವಿಜಯ್ ಮರ್ಚೆಂಟರೂ ಇಂದೂರಿನ ಮುಷ್ತಾಕ್ ಅಲಿಯವರೂ ಮೊದಲನೆಯ ವಿಕೆಟ್ಟಿಗೆ 203 ಓಟಗಳನ್ನು ಕೂಡಿಸಿದ್ದು ಅಲ್ಲಿಯೇ.

ಇಂದು ಪಂದ್ಯದ ಒಂದೊಂದು ಚೆಂಡನ್ನೂ ಜನರು ಕೈಯಲ್ಲಿರುವ ಮೊಬೈಲಿನಲ್ಲಿಯೇ ನೋಡುತ್ತಾರೆ. ಎಲ್ಲರೂ ಕಂಡ ಮೇಲೆ ಬರೆಯಲು ಉಳಿದುದೇನೆಂದು ತರುಣರು ಕೇಳಬಹುದು. ಕಾರ್ಡಸರ ಕಾಲದಲ್ಲಿಯೂ ಸಂಜೆಯ ಪತ್ರಿಕೆಯು ಓಟಗಳ ಲೆಕ್ಕವನ್ನು ಮೊದಲೇ ಕೊಟ್ಟುಬಿಡುತ್ತಿತ್ತು. ಆದರೂ ಮರುದಿನ ಬೆಳಿಗ್ಗೆ ಜನರು ಅವರ ಬರಹವನ್ನು ಅರಸಿ ಓದುತ್ತಿದ್ದರು. ಲೆಕ್ಕ ಗೊತ್ತಾದ ಮೇಲೂ ತಿಳಿಯಬೇಕಾದುದು ಉಳಿದಿರುತ್ತದೆ. ಅದನ್ನು ಕಾಣಲು ಆಟವೊಂದನ್ನೇ ಬಲ್ಲವನಿಗೆ ಆಗದು. ಬದುಕು, ಭಾಷೆ, ಕಲೆ ಇವುಗಳ ಪರಿಚಯವೂ ಬೇಕು.

ಪದವಿ ಪಡೆದವರಿಗೆ ಈ ಚರಿತ್ರೆಯು ತಾಳ್ಮೆಯನ್ನು ಹೇಳುತ್ತದೆ. ಮೊದಲು ಸಿಕ್ಕುವ ಕೆಲಸ ಬಯಸಿದ್ದಲ್ಲದಿರಬಹುದು. ಚಿಕ್ಕ ಸಭೆಯ ವರದಿಯನ್ನು ಚೊಕ್ಕವಾಗಿ ಬರೆದವನಿಗೇ ದೊಡ್ಡ ಪಂದ್ಯದ ಕರೆ ಬರುವುದು. ಪದವಿ ಇಲ್ಲದವರಿಗೆ ಇದು ಧೈರ್ಯವನ್ನು ಹೇಳುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕೈ ತೊಳೆದುಕೊಂಡು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಮುಂದೆ ಬಂದ ಕನ್ನಡಿಗರು ಮುಂಬಯಿಯಲ್ಲಿ ಒಬ್ಬಿಬ್ಬರಲ್ಲ. ಅವರಾರೂ ಕಾರ್ಡಸರ ಹೆಸರನ್ನು ಕೇಳಿರದಿದ್ದರೂ ನಡೆದ ದಾರಿ ಒಂದೇ. ಕ್ರೋಜಿಯರರಂತಹ ಸಂಪಾದಕರು ಎಂದು ಎದುರಾಗುವರೆಂಬುದು ನಮ್ಮ ಕೈಯಲ್ಲಿಲ್ಲ. ಎದುರಾದ ದಿನ ನಮ್ಮಲ್ಲಿ ಕೊಡಲು ಏನಾದರೂ ಇರಬೇಕು; ಅದನ್ನು ಕೂಡಿಡುವುದು ಇಂದಿನ ಸಂಜೆಯ ಕೆಲಸ.