ವರ್ಗಮೂಲಗಳನ್ನು ವಿಂಗಡಿಸಿದ ಥಿಯಟೀಟಸ್

ಕನ್ನಡ ಪಾಠ ಹೇಳುವ ನಾವು ಗಣಿತದ ಅಂಗಳಕ್ಕೆ ಕಾಲಿಡುತ್ತಿರುವುದು ಒಬ್ಬ ಹುಡುಗನ ಕಥೆ ಹೇಳುವುದಕ್ಕಾಗಿ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸಿನಲ್ಲಿ ಥಿಯಟೀಟಸನು ಬೆಳೆದನು. ತಂದೆ ಯೂಫ್ರೋನಿಯಸನು ಬಿಟ್ಟುಹೋದ ಆಸ್ತಿಯನ್ನು ಕಾಯಬೇಕಾದವರೇ ಕರಗಿಸಿಬಿಟ್ಟರು. ಹಾಗಿದ್ದೂ ಹುಡುಗನ ಕೈ ಉದಾರವಾಗಿತ್ತಂತೆ. ಚಪ್ಪಟೆ ಮೂಗು, ಉಬ್ಬುಗಣ್ಣು. ರೂಪದಲ್ಲಿ ಸಾಕ್ರೆಟಿಸನಂತೆಯೇ ಚೆಲುವನಲ್ಲ. ಇದನ್ನೆಲ್ಲ ತಿಳಿಸುವವನು ಪ್ಲೇಟೊ. ತನ್ನ ಒಂದು ಸಂವಾದಗ್ರಂಥಕ್ಕೆ ಅವನು ಈತನ ಹೆಸರನ್ನೇ ಇಟ್ಟಿದ್ದಾನೆ.

ಈತನ ಗುರು ಸಿರೀನ್ ಪಟ್ಟಣದ ಥಿಯೋಡೋರಸ್. 2ರ ವರ್ಗಮೂಲವನ್ನು ಯಾವ ಭಿನ್ನರಾಶಿಯಿಂದಲೂ ಸರಿಯಾಗಿ ಹೇಳಲಾಗದೆಂದು ಗ್ರೀಕರು ಮೊದಲೇ ಕಂಡುಕೊಂಡಿದ್ದರು. ಗುರುವು ಆಕೃತಿಗಳನ್ನು ಬರೆದು 3, 5 ಮೊದಲಾದವುಗಳ ವರ್ಗಮೂಲವೂ ಹಾಗೆಯೇ ಎಂದು ಒಂದೊಂದಾಗಿ ತೋರಿಸುತ್ತ ಹೋಗಿ 17ಕ್ಕೆ ನಿಲ್ಲಿಸಿದನು. ಶಿಷ್ಯನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸಂಖ್ಯೆಗಳಿಗೆ ಕೊನೆಯಿಲ್ಲವಲ್ಲ! ಒಬ್ಬ ಗೆಳೆಯನೊಡನೆ ಕುಳಿತು ಸಂಖ್ಯೆಗಳನ್ನೆಲ್ಲ ಎರಡೇ ಗುಂಪು ಮಾಡಿದನು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ 4, 9, 16 ಮೊದಲಾದವು ಚೌಕಗಳು. 3, 5, 12ರಂತಹ ಉಳಿದವೆಲ್ಲ ಆಯತಗಳು. ಚೌಕದ ವರ್ಗಮೂಲ ಪೂರ್ಣಸಂಖ್ಯೆ. ಆಯತದ್ದು ಪೂರ್ಣಸಂಖ್ಯೆಯೂ ಅಲ್ಲ, ಭಿನ್ನರಾಶಿಯೂ ಅಲ್ಲ. ಅದನ್ನೇ ನಾವು ಇಂದು ಅಭಾಗಲಬ್ಧ ಎನ್ನುತ್ತೇವೆ. ಮೂರನೆಯ ಗುಂಪೇ ಇಲ್ಲ.

ನಮ್ಮ ವಿದ್ಯಾರ್ಥಿಗಳು ಇದನ್ನು ಅವಿಭಾಜ್ಯ ಅಪವರ್ತನಗಳಿಂದ ಪರೀಕ್ಷಿಸಬಹುದು. 144 = 2×2×2×2×3×3. ಎಲ್ಲವೂ ಜೋಡಿಜೋಡಿ, ವರ್ಗಮೂಲ 12. ಆದರೆ 72 = 2×2×2×3×3. ಒಂದು 2 ಒಂಟಿಯಾಗಿ ಉಳಿಯಿತು, ಆದ್ದರಿಂದ ವರ್ಗಮೂಲ ಅಭಾಗಲಬ್ಧ. ಕ್ಯಾಲ್ಕುಲೇಟರು 8.4852813 ಎಂದು ತೋರಿಸಿ ನಿಂತರೆ ಅಲ್ಲಿಗೆ ಮುಗಿಯಿತು ಎನ್ನಬೇಡಿ. ಮುಗಿದದ್ದು ಅದರ ಪರದೆಯಲ್ಲಿನ ಜಾಗ ಮಾತ್ರ. ಭಿನ್ನರಾಶಿಯನ್ನು ಮೊದಲು ಸಂಕ್ಷೇಪಿಸಿ ನೋಡಬೇಕು. 8/18 ಮೋಸಗೊಳಿಸುತ್ತದೆ, ಅದು 4/9 ತಾನೆ, ವರ್ಗಮೂಲ 2/3.

ಥಿಯಟೀಟಸನ ಬರಹಗಳು ಉಳಿದಿಲ್ಲ. ಯೂಕ್ಲಿಡನ ರೇಖಾಗಣಿತದ ಹತ್ತನೆಯ ಪುಸ್ತಕದ ಬಹುಭಾಗಕ್ಕೆ ಈತನ ಶೋಧನೆಗಳೇ ಆಧಾರವೆಂದು ವಿದ್ವಾಂಸರ ಮತ. ಎಂಟು ಮತ್ತು ಇಪ್ಪತ್ತು ಮುಖಗಳ ಘನಾಕೃತಿಗಳ ಅಭ್ಯಾಸವನ್ನೂ ಈತನ ಹೆಸರಿಗೇ ಸೇರಿಸುತ್ತಾರೆ.

ಕ್ರಿ.ಪೂ. 369ರಲ್ಲೆಂದು ಹಲವರು ಹೇಳುವ ಕೊರಿಂಥದ ಯುದ್ಧದಲ್ಲಿ ಈತನು ಗಾಯಗೊಂಡನು. ಗಾಯಕ್ಕಿಂತ ಹೆಚ್ಚಾಗಿ ದಂಡಿನಲ್ಲಿ ಹರಡಿದ್ದ ಆಮಶಂಕೆ ಅವನನ್ನು ಹಣ್ಣುಮಾಡಿತ್ತು. ಅಥೆನ್ಸಿಗೆ ಹೊತ್ತೊಯ್ಯುತ್ತಿದ್ದಾಗ ಮೆಗಾರಾ ಊರಿನ ಪರಿಚಿತನೊಬ್ಬನು ದಾರಿಯಲ್ಲಿ ಕಂಡು, ಅಲ್ಲಿಯೇ ಉಳಿಯುವಂತೆ ಬೇಡಿಕೊಂಡನು. ಥಿಯಟೀಟಸನು ಒಪ್ಪಲಿಲ್ಲ. ಮನೆಗೆ ಹೋಗುವ ಆತುರ ಅವನಿಗೆ.